ತಾರಸಿಯ ಮೇಲೆ ಸ್ಟ್ರಾಬೆರಿ: ಸೆಕೆಯೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರೆಯ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ನಂಟರು, ನಂಟರ ನೆರೆಯವರು, ಹಳೆಯ ಸಹೋದ್ಯೋಗಿಗಳು, ಎಲ್ಲರದೂ ಸ್ಟ್ರಾಬೆರಿಯ ವಿಚಾರವೇ. ಬೆಂಗಳೂರಿನ ಒಂದು ಮನೆಯ ತಾರಸಿಯಲ್ಲಿ ನಲವತ್ತು ಕುಂಡಗಳನ್ನು ಇಟ್ಟುಕೊಂಡು ಆರು ಚಳಿಗಾಲ ಕಳೆದಿದ್ದೇನೆ. ಅದರಲ್ಲಿ ಮೊದಲ ಎರಡು ಪೂರ್ತಿ ದಂಡವಾದವು. ಕೆಳಗಿನ ಉತ್ತರಗಳಲ್ಲಿ ಆ ಎರಡು ವರ್ಷಗಳ ಪಾಲೇ ಹೆಚ್ಚು.

ನಮ್ಮಂಥ ಸೆಕೆಯ ಊರಿನಲ್ಲಿ ಸ್ಟ್ರಾಬೆರಿ ನಿಜವಾಗಿಯೂ ಹಣ್ಣು ಬಿಡುತ್ತದೆಯೇ?

ಬಿಡುತ್ತದೆ. ಆದರೆ ದಾಸವಾಳದಂತೆ, ನಿಂಬೆಯಂತೆ ವರ್ಷವಿಡೀ ಮನೆಯಲ್ಲಿರುವ ಗಿಡವೆಂದು ತಿಳಿದರೆ ಕೆಟ್ಟಿರಿ. ಅದನ್ನು ಅವರೆಕಾಯಿಯ ಲೆಕ್ಕದಲ್ಲಿ ನೋಡಿ. ಚಳಿ ಬಿದ್ದಾಗ ಬರುತ್ತದೆ, ಸೊಗಡು ಇರುವಷ್ಟು ದಿನ ಇರುತ್ತದೆ, ಬಿಸಿಲೇರಿದಾಗ ಮುಗಿಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೊರಟುಹೋಗುತ್ತದೆ ಎನ್ನುತ್ತಾರಲ್ಲ, ಸ್ಟ್ರಾಬೆರಿಯೂ ಅದರ ಬೆನ್ನಿಗೇ ಹೊರಡುತ್ತದೆ.

ಇದಕ್ಕೆ ಕಾರಣವಿದೆ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ತಳಿಗಳು ಹಗಲು ಚಿಕ್ಕದಾದಾಗ ಹೂಮೊಗ್ಗು ಕಟ್ಟುವಂಥವು. ದಿನದ ಬೆಳಕು ಸುಮಾರು 14 ಗಂಟೆಗಿಂತ ಕಡಿಮೆ ಇರಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಅಂದರೆ ಬೆಳಕಿನ ಅಡ್ಡಿ ನಮಗೆ ಎಂದೂ ಇಲ್ಲ. ಅಡ್ಡಿಯಾಗುವುದು ಸೆಕೆ. ಹಗಲು 20ರಿಂದ 26 ಡಿಗ್ರಿ, ರಾತ್ರಿ 10ರಿಂದ 16 ಡಿಗ್ರಿ ಇದ್ದರೆ ಗಿಡ ಸುಖವಾಗಿರುತ್ತದೆ. ಹಗಲು 30 ದಾಟಿ ಅಲ್ಲೇ ನಿಂತರೆ ಹೊಸ ಹೂಮೊಗ್ಗು ಕಟ್ಟುವುದನ್ನು ಬಿಟ್ಟು ಎಲೆ, ಬಳ್ಳಿ ಬೆಳೆಸಿಕೊಂಡು ಕೂರುತ್ತದೆ.

ನಾವು ಬೆಂಗಳೂರಿನವರಲ್ಲ. ಮಂಗಳೂರಿನಲ್ಲಿ, ವಿಜಯಪುರದಲ್ಲಿ, ಬಳ್ಳಾರಿಯಲ್ಲಿ ಆಗುತ್ತದೆಯೇ?

ಎಲ್ಲರೂ ತಮ್ಮ ಊರಿನ ಹಗಲನ್ನು ನೋಡಿ ಹೆದರುತ್ತಾರೆ. ನೋಡಬೇಕಾದದ್ದು ರಾತ್ರಿಯನ್ನು. ವಿಜಯಪುರ, ಬೀದರ್ ಕಡೆ ಬೇಸಿಗೆ ಬೆಂಕಿ ನಿಜ, ಆದರೆ ಡಿಸೆಂಬರ್, ಜನವರಿಯ ರಾತ್ರಿಗಳು ಗಡಗಡ ನಡುಗಿಸುತ್ತವೆ. ಅಲ್ಲಿ ಎರಡೂವರೆ ತಿಂಗಳ ಒಳ್ಳೆಯ ಬೆಳೆ ತೆಗೆಯಬಹುದು. ಬಳ್ಳಾರಿ, ರಾಯಚೂರಿನಲ್ಲಿ ಕಾಲ ಇನ್ನೂ ಚಿಕ್ಕದು, ಮಧ್ಯಾಹ್ನದ ನೆರಳು ಬೇಕೇ ಬೇಕು. ಚಿಕ್ಕಮಗಳೂರು, ಮಡಿಕೇರಿಯವರು ಈ ಪುಟವನ್ನು ಓದುವ ಅಗತ್ಯವೇ ಇಲ್ಲ. ಮಳೆಯಿಂದ ಕಾಪಾಡಿಕೊಂಡರೆ ಸಾಕು.

ಕಷ್ಟವಿರುವುದು ಕರಾವಳಿಯಲ್ಲಿ. ಮಂಗಳೂರಿನಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಮೇಲೆಯೇ ಇರುತ್ತದೆ, ಜೊತೆಗೆ ಗಾಳಿಯ ತೇವ. ಗಿಡ ಹಸಿರಾಗಿ ನಳನಳಿಸುತ್ತದೆ, ಹಣ್ಣು ಬೆರಳೆಣಿಕೆಯಷ್ಟು. ಉಡುಪಿಯ ನನ್ನ ಸೋದರತ್ತಿಗೆ ಇದನ್ನು ಒಪ್ಪದೆ ಮೂರು ವರ್ಷ ಹಟ ಹಿಡಿದು ಬೆಳೆಸಿದರು. ಒಟ್ಟು ಹನ್ನೊಂದು ಹಣ್ಣು. ಹನ್ನೊಂದರ ಫೋಟೋವೂ ನನ್ನ ಬಳಿ ಇದೆ.

ಬೀಜದಿಂದ ಬೆಳೆಸಬಹುದೇ? ಅಂತರ್ಜಾಲದಲ್ಲಿ ನೂರು ಬೀಜದ ಪೊಟ್ಟಣ ಬಲು ಅಗ್ಗಕ್ಕೆ ಸಿಗುತ್ತದೆ.

ಬೇಡ. ನನ್ನ ಮೊದಲ ಚಳಿಗಾಲ ಹೋದದ್ದೇ ಇಂಥ ಪೊಟ್ಟಣದಲ್ಲಿ. ಚಿತ್ರದಲ್ಲಿ ಮೊಸಂಬಿ ಗಾತ್ರದ ಹಣ್ಣು, ಕುಂಡದಲ್ಲಿ ಎದ್ದದ್ದು ಯಾವುದೋ ಹೊಲದ ಕಳೆ. ನೀಲಿ ಸ್ಟ್ರಾಬೆರಿ ಬೀಜ ಎಂದು ಮಾರುವವರೂ ಇದ್ದಾರೆ. ನೀಲಿ ಸ್ಟ್ರಾಬೆರಿ ಎಂಬುದೇ ಇಲ್ಲ, ಅದು ಫೋಟೋಗೆ ಬಳಿದ ಬಣ್ಣ.

ಬೀಜ ಅಸಲಿಯೇ ಆದರೂ ತೊಂದರೆ ತಪ್ಪದು. ಮೊಳೆಯಲು ಮೂರು ನಾಲ್ಕು ವಾರ, ಹಣ್ಣು ಬಿಡುವ ಗಾತ್ರಕ್ಕೆ ಬರಲು ಹಲವು ತಿಂಗಳು. ಮೇಲಾಗಿ ಸ್ಟ್ರಾಬೆರಿ ಮಿಶ್ರತಳಿ, ಹಣ್ಣಿನ ಬೀಜ ಹಾಕಿದರೆ ತಾಯಿಯ ಗುಣ ಮಗುವಿಗೆ ಬರುವುದಿಲ್ಲ. ಬಳ್ಳಿಯಿಂದ ಬೇರೂರಿದ ಸಸಿಯನ್ನೇ ತನ್ನಿ. ನರ್ಸರಿಯವರು ಆ ಬಳ್ಳಿಯನ್ನು ರನ್ನರ್ ಎನ್ನುತ್ತಾರೆ.

ಯಾವ ತಳಿ ಒಳ್ಳೆಯದು?

ನಮ್ಮ ನರ್ಸರಿಗಳಿಗೆ ಬರುವ ಸಸಿಗಳ ಮೂಲ ಸಾಮಾನ್ಯವಾಗಿ ಮಹಾಬಳೇಶ್ವರದ ಸೀಮೆ. ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಬೆಳೆಯುವುದು ಅಲ್ಲಿ, ಪಂಚಗಣಿಯ ಸುತ್ತಲಿನ ಕೆಂಪು ಮಣ್ಣಿನಲ್ಲಿ. 2010ರಲ್ಲಿ ಅಲ್ಲಿನ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಅಲ್ಲಿನ ರೈತರು ಬೆಳೆಯುವ ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ, ಚಾಂಡ್ಲರ್ ತಳಿಗಳೇ ನಮಗೂ ಸಿಗುವುದು.

ಕುಂಡಕ್ಕೆ ನನ್ನ ಮತ ವಿಂಟರ್ ಡಾನ್‌ಗೆ, ಜೊತೆಗೆ ಎರಡು ಮೂರು ಸ್ವೀಟ್ ಚಾರ್ಲಿಗೆ. ಎರಡೂ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ತಳಿಗಳು. ಫ್ಲಾರಿಡಾ ಎಂದರೆ ಸೌಮ್ಯ ಚಳಿಗಾಲದ ಸೀಮೆ, ನಮ್ಮ ಹಾಗೆಯೇ ಅಲ್ಲಿಯೂ ಸ್ಟ್ರಾಬೆರಿ ಚಳಿಗಾಲದ ಬೆಳೆ. ವಿಂಟರ್ ಡಾನ್ ಬೇಗ ಹಣ್ಣಿಗೆ ಬರುತ್ತದೆ, ಕಾಲ ಚಿಕ್ಕದಾದ ನಮಗೆ ಅದೇ ಮುಖ್ಯ. ಕ್ಯಾಮರೋಸಾ ನೋಡಲು ಚೆಂದ, ಗಟ್ಟಿ, ಲಾರಿಯಲ್ಲಿ ಕಳಿಸಲು ಹೇಳಿ ಮಾಡಿಸಿದ್ದು. ನಾವು ಕಳಿಸುವುದು ತಾರಸಿಯಿಂದ ಅಡುಗೆಮನೆಗೆ ತಾನೇ? ಹಗಲಿನ ಉದ್ದವನ್ನು ಲೆಕ್ಕಿಸದ ಆಲ್ಬಿಯಾನ್‌ನಂಥ ತಳಿಗಳನ್ನು ವರ್ಷವಿಡೀ ಹಣ್ಣು ಬಿಡುತ್ತವೆಂದು ಮಾರುತ್ತಾರೆ. ಹಗಲನ್ನು ಲೆಕ್ಕಿಸದಿದ್ದರೂ ಸೆಕೆಯನ್ನು ಅವು ಲೆಕ್ಕಿಸುತ್ತವೆ.

ಯಾವಾಗ ನೆಡಬೇಕು?

ಮಳೆಯ ಜೋರು ತಗ್ಗಿದ ಮೇಲೆ. ಬೆಂಗಳೂರಿನಲ್ಲಿ ಅಕ್ಟೋಬರ್ ಎರಡನೇ ವಾರದಿಂದ ದೀಪಾವಳಿಯ ತನಕ. ಡಿಸೆಂಬರ್‌ನಲ್ಲಿ ನರ್ಸರಿಯಲ್ಲಿ ಕೆಂಪು ಹಣ್ಣು ತೂಗುವ ಗಿಡ ಕಂಡು ಮನಸೋತು ತರುವವರೇ ಹೆಚ್ಚು. ಆ ಗಿಡ ಈಗಾಗಲೇ ಅರ್ಧ ಆಯುಷ್ಯ ಕಳೆದಿರುತ್ತದೆ.

ಎಷ್ಟು ದೊಡ್ಡ ಕುಂಡ? ಎಂಥ ಮಣ್ಣು?

ಬೇರು ಆಳಕ್ಕೆ ಇಳಿಯುವುದಿಲ್ಲ, ಒಂದು ಗೇಣು ಸಾಕು. ಎಂಟು ಅಂಗುಲದ ಕುಂಡಕ್ಕೆ ಒಂದು ಗಿಡ, ಉದ್ದದ ತೊಟ್ಟಿಯಾದರೆ ಗಿಡಕ್ಕೆ ಗಿಡಕ್ಕೆ ಒಂದಡಿ. ಮಣ್ಣಿನ ಕುಂಡವಿದ್ದರೆ ಅದೇ ಲೇಸು, ಹೂಜಿಯ ನೀರು ತಂಪಾಗುವ ಹಾಗೆ ಬೇರೂ ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಕಾಂಕ್ರೀಟ್ ತಾರಸಿಯ ಮೇಲೆ ನೇರವಾಗಿ ಇಡಬೇಡಿ. ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ಹೊರಗೆ ಸುಣ್ಣದ ನೀರನ್ನಾದರೂ ಬಳಿಯಿರಿ.

ಮಣ್ಣಿಗೆ ನನ್ನ ಅಳತೆ ಇದು: ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಅರ್ಧ ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯ ಇಟ್ಟಿಗೆಯಲ್ಲಿ ಉಪ್ಪಿನಂಶವಿರುತ್ತದೆ. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ಮೂರು ನೀರು ತೆಗೆಯಿರಿ. ಮೊದಲ ನೀರು ಡಿಕಾಕ್ಷನ್ ಬಣ್ಣ, ಮೂರನೆಯದು ತಿಳಿ ಚಹಾದಂತೆ ಬಂದರೆ ಸಾಕು. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆದ ಹಳೆಯ ಮಣ್ಣನ್ನು ಬಳಸಬೇಡಿ. ಆ ಗಿಡಗಳ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಉಳಿದು ಸ್ಟ್ರಾಬೆರಿಗೂ ತಗಲುತ್ತದೆ.

ನೆಟ್ಟ ಹತ್ತೇ ದಿನದಲ್ಲಿ ಗಿಡ ಕೊಳೆಯಿತು. ನೀರು ಸರಿಯಾಗಿಯೇ ಹಾಕಿದ್ದೆ.

ಹಾಗಾದರೆ ಸುಳಿ ಹೂತಿದ್ದೀರಿ. ಅರ್ಧಕ್ಕರ್ಧ ಗಿಡಗಳು ಸಾಯುವುದು ಇದರಿಂದಲೇ.

ಸಸಿಯನ್ನು ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟುಗಳೆಲ್ಲ ಬಂದು ಕೂಡುವಲ್ಲಿ ಕಿರುಬೆರಳ ಗಾತ್ರದ ಕಂದು ಗಂಟೊಂದಿದೆ. ಅದರ ಮೇಲ್ತುದಿಯಲ್ಲಿ, ಇನ್ನೂ ಬಿಚ್ಚಿಕೊಳ್ಳದ ಎಲೆ ಬೀಸಣಿಗೆಯಂತೆ ಮಡಿಚಿಕೊಂಡು ಕುಳಿತಿರುತ್ತದೆ. ತೆಂಗಿಗೆ ಸುಳಿಯಿರುವಂತೆ ಇದಕ್ಕೂ ಇದೇ ಸುಳಿ. ಗಂಟಿನ ಕೆಳಗಿನ ಅರ್ಧ ಮಣ್ಣಿನಲ್ಲಿರಬೇಕು, ಮೇಲಿನ ಅರ್ಧ ಗಾಳಿಯಲ್ಲಿರಬೇಕು. ಸುಳಿ ಹೂತರೆ ಕೊಳೆಯುತ್ತದೆ, ಬೇರು ಹೊರಗೆ ಉಳಿದರೆ ಒಣಗುತ್ತದೆ. ನೆಟ್ಟು, ನೀರು ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಮಣ್ಣು ಕುಸಿದು ಗಿಡ ಒಳಗೆ ಇಳಿದಿರುತ್ತದೆ. ಮೆಲ್ಲಗೆ ಎತ್ತಿ ಸರಿಪಡಿಸಿ. ಆ ಹತ್ತು ನಿಮಿಷ ಕಾಯದೆ ನಾನು ಒಂದೇ ಸಲಕ್ಕೆ ಹದಿನಾಲ್ಕು ಗಿಡ ಕಳೆದುಕೊಂಡಿದ್ದೇನೆ.

ಮೊದಲ ಹೂಗಳನ್ನು ಚಿವುಟಬೇಕು ಎನ್ನುತ್ತಾರೆ. ನಿಜವೇ?

ನಿಜ. ನೆಟ್ಟ ಮೊದಲ ಮೂರು ವಾರದಲ್ಲಿ ಬಂದ ಹೂವನ್ನು ಚಿವುಟಿದರೆ ಗಿಡ ಬೇರು ಬಿಡುತ್ತದೆ. ಅದಕ್ಕಿಂತ ಹೆಚ್ಚು ಕಾಲ ಚಿವುಟಬೇಡಿ. ಚಳಿ ದೇಶದವರ ಪುಸ್ತಕದಲ್ಲಿ ಮೊದಲ ವರ್ಷವಿಡೀ ಚಿವುಟಿ ಎಂದಿರುತ್ತದೆ. ಅವರ ಗಿಡಕ್ಕೆ ಎರಡನೆಯ ವರ್ಷವಿದೆ, ನಮ್ಮದಕ್ಕೆ ಇರುವುದು ನಾಲ್ಕು ತಿಂಗಳು. ಹೊರಗೆ ಚಾಚುವ ಬಳ್ಳಿಗಳನ್ನು ಮಾತ್ರ ಹಣ್ಣಿನ ಕಾಲದುದ್ದಕ್ಕೂ ಕತ್ತರಿಸುತ್ತಿರಿ.

ಎಷ್ಟು ಬಿಸಿಲು ಬೇಕು?

ನವೆಂಬರ್‌ನಿಂದ ಜನವರಿ ಮುಗಿಯುವವರೆಗೆ ಸಿಕ್ಕಷ್ಟೂ ಬಿಸಿಲು, ಕನಿಷ್ಠ ಆರು ಗಂಟೆ. ಫೆಬ್ರವರಿ ನಡುವಿನಿಂದ ಬೆಳಗಿನ ಬಿಸಿಲು ಮಾತ್ರ. ಹನ್ನೊಂದರ ಮೇಲೆ ಹಸಿರು ನೆರಳುಬಲೆ, ಅಥವಾ ಅಮ್ಮನ ಹಳೆಯ ಬಿಳಿ ಕಾಟನ್ ಸೀರೆ.

ನೀರು ಹೇಗೆ ಹಾಕಬೇಕು? ಎಲೆಯಂಚು ಸುಟ್ಟಂತೆ ಕಂದಾಗುತ್ತಿದೆ.

ಬೆಳಿಗ್ಗೆ ಒಮ್ಮೆ, ಬುಡಕ್ಕೆ, ಎಲೆ ನೆನೆಯದಂತೆ. ಬೆರಳನ್ನು ಮೊದಲ ಗೆಣ್ಣಿನ ತನಕ ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಾವ ನೀರು ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಊರುಗಳಲ್ಲಿ ಸ್ಟ್ರಾಬೆರಿಯ ಗುಟ್ಟು ಅರ್ಧ ಚಳಿಯಲ್ಲಿದ್ದರೆ ಇನ್ನರ್ಧ ನೀರಿನಲ್ಲಿದೆ.

ನಿಮ್ಮ ಮನೆಯ ಬಕೆಟ್ಟಿನ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿಯ ಪೊರೆ ಕಟ್ಟುತ್ತದೆಯೇ? ಹಾಗಾದರೆ ಅದು ಗಡಸು ನೀರು. ಸ್ಟ್ರಾಬೆರಿಗೆ ತುಸು ಹುಳಿಯ ಮಣ್ಣು ಬೇಕು, ಪಿಎಚ್ 5.5ರಿಂದ 6.5ರ ನಡುವೆ. ಕೊಳವೆಬಾವಿಯ ನೀರು ದಿನದಿನಕ್ಕೂ ಆ ಮಣ್ಣನ್ನು ಕ್ಷಾರವಾಗಿಸುತ್ತದೆ, ಆಗ ಗಿಡಕ್ಕೆ ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ದಕ್ಕುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದೇ ಲಕ್ಷಣ. ಇನ್ನು ಉಪ್ಪು. ತರಕಾರಿ, ಹಣ್ಣಿನ ಬೆಳೆಗಳಲ್ಲಿ ಇಷ್ಟು ಉಪ್ಪು ತಾಳದ ಗಿಡ ಅಪರೂಪ. ಎಲೆಯಂಚು ಸುಟ್ಟಂತಾಗುವುದು ಬಿಸಿಲಿನಿಂದ ಎಂದು ನೆರಳಿಗೆ ಸರಿಸುತ್ತೀರಿ, ಸುಡುತ್ತಿರುವುದು ಉಪ್ಪು.

ಅತಿ ಕೆಟ್ಟದ್ದು ಯಾವುದೆಂದರೆ, ದಂಡವಾಗಬಾರದೆಂಬ ಸದುದ್ದೇಶದಿಂದ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಸುರಿಯುವುದು. ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇದೆ. ಅದರಿಂದ ನೆಲ ಒರೆಸಿ. ಒಳ್ಳೆಯ ನೀರು ಎಂದರೆ ಮಳೆನೀರು. ಅಕ್ಟೋಬರ್ ಮಳೆಯಲ್ಲಿ ನಾನು ಎರಡು ಡ್ರಮ್ ತುಂಬಿಸಿಟ್ಟುಕೊಳ್ಳುತ್ತೇನೆ, ಸೊಳ್ಳೆ ಬಾರದಂತೆ ಬಾಯಿಗೆ ಬಟ್ಟೆ ಕಟ್ಟಿ. ಅದು ಮುಗಿದ ಮೇಲೆ ಕಾವೇರಿ ನೀರು. ಏಸಿಯಿಂದ ತೊಟ್ಟಿಕ್ಕುವ ನೀರೂ ಆದೀತು. ಕೊಳವೆಬಾವಿಯೇ ಗತಿಯೆಂದರೆ ಹದಿನೈದು ದಿನಕ್ಕೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ ಉಪ್ಪನ್ನು ತೊಳೆಯಿರಿ.

ಮಣ್ಣಿನ ಮೇಲೆ ಭತ್ತದ ಹುಲ್ಲಿನ ಹೊದಿಕೆ ಹಾಸಿ. ತೇವ ಉಳಿಯುತ್ತದೆ, ಹಣ್ಣು ಮಣ್ಣಿಗೆ ತಗಲಿ ಬೂಷ್ಟು ಹಿಡಿಯುವುದೂ ತಪ್ಪುತ್ತದೆ.

ಗಿಡದ ತುಂಬ ಎಲೆ, ಒಂದೂ ಹೂವಿಲ್ಲ. ಏನು ಕೊರತೆ?

ಕೊರತೆಯಲ್ಲ, ಅತಿಯಾಗಿದೆ. ಯೂರಿಯಾ, ಹಸಿ ಸಗಣಿ, ವಾರವಾರಕ್ಕೂ ಜೀವಾಮೃತ ಎಂದು ಸಾರಜನಕ ಸುರಿದಿರುತ್ತೀರಿ. ತಿಂಗಳಿಗೊಂದು ಹಿಡಿ ಎರೆಗೊಬ್ಬರ, ಹೂ ಬಂದ ಮೇಲೆ ಸ್ವಲ್ಪ ಪೊಟ್ಯಾಷ್, ಇಷ್ಟೇ. ಅದಾಗಿಯೂ ಹೂ ಇಲ್ಲವೆಂದರೆ ರಾತ್ರಿಯ ಸೆಕೆಯನ್ನೋ ನೆರಳನ್ನೋ ಶಂಕಿಸಿ.

ಬಾಳೆಸಿಪ್ಪೆ, ಮೊಟ್ಟೆಚಿಪ್ಪು, ಕಾಫಿ ಗಸಿ, ಒಲೆಯ ಬೂದಿ?

ಬೂದಿ ಖಂಡಿತ ಬೇಡ, ಮಣ್ಣನ್ನು ಇನ್ನಷ್ಟು ಕ್ಷಾರವಾಗಿಸುತ್ತದೆ. ಮೊಟ್ಟೆಚಿಪ್ಪು ಕರಗುವಷ್ಟರಲ್ಲಿ ಗಿಡದ ಕಾಲ ಮುಗಿದಿರುತ್ತದೆ. ಕಾಫಿ ಗಸಿ, ಬಾಳೆಸಿಪ್ಪೆಗಳು ಗೊಬ್ಬರದ ಗುಂಡಿಗೆ ಹೋಗಲಿ. ಕುಂಡದಲ್ಲಿ ಹಾಕಿದರೆ ಇರುವೆಗೆ ಔತಣ.

ಹಣ್ಣು ಸೊಟ್ಟಗೆ, ಒಂದು ಕಡೆ ಸೊರಗಿದಂತೆ ಬರುತ್ತದೆ. ರೋಗವೇ?

ಪರಾಗಸ್ಪರ್ಶ ಅರ್ಧಕ್ಕೆ ನಿಂತಿದೆ. ನಾವು ಹಣ್ಣು ಎಂದು ತಿನ್ನುವ ಕೆಂಪು ಭಾಗ ಸಸ್ಯಶಾಸ್ತ್ರದ ಪ್ರಕಾರ ಹಣ್ಣೇ ಅಲ್ಲ, ಹೂವಿನ ಪೀಠ ಉಬ್ಬಿದ್ದು. ನಮ್ಮ ಗೇರುಹಣ್ಣಿನ ಕಥೆಯೂ ಹೀಗೆಯೇ ತಾನೇ? ಅಲ್ಲಿ ತೊಟ್ಟು ಉಬ್ಬಿ ಹಣ್ಣಿನ ವೇಷ ಹಾಕುತ್ತದೆ, ನಿಜವಾದ ಹಣ್ಣು ಕೆಳಗೆ ನೇತಾಡುವ ಬೀಜ. ಸ್ಟ್ರಾಬೆರಿಯ ನಿಜವಾದ ಹಣ್ಣುಗಳು ಮೈಮೇಲೆ ಎಳ್ಳಿನಂತೆ ಅಂಟಿರುವ ಆ ನೂರಿನ್ನೂರು ಕಾಳುಗಳು. ಒಂದೊಂದು ಕಾಳಿಗೂ ಬೇರೆ ಬೇರೆಯಾಗಿ ಪರಾಗ ಸಿಗಬೇಕು. ಸಿಕ್ಕ ಕಾಳಿನ ಸುತ್ತ ಪೀಠ ಉಬ್ಬುತ್ತದೆ, ಸಿಗದ ಕಡೆ ಹಾಗೇ ಸೊರಗುತ್ತದೆ. ಸೊಟ್ಟ ಹಣ್ಣನ್ನು ಹತ್ತಿರದಿಂದ ನೋಡಿದರೆ ಸೊರಗಿದ ಕಡೆಯ ಕಾಳುಗಳು ಚಿಕ್ಕದಾಗಿ ಒತ್ತೊತ್ತಾಗಿ ಕುಳಿತಿರುವುದು ಕಾಣುತ್ತದೆ.

ಈ ಪರಾಗದ ತಕರಾರು ಹಣ್ಣಿನ ಹುಟ್ಟಿನಿಂದಲೇ ಇದೆ. 1714ರಲ್ಲಿ ಅಮೆದೆ ಫ್ರೆಝಿಯೇ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿಯಿಂದ ದಪ್ಪ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದ. ಅವನು ಹೋದದ್ದು ಅಲ್ಲಿನ ಸ್ಪೇನ್ ಕೋಟೆಗಳ ಗೂಢಚರ್ಯೆಗೆ. ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಬದುಕುಳಿದವು ಐದೇ ಗಿಡ, ಐದೂ ಹೆಣ್ಣು. ಊರಿಗೆ ಬಂದು ಹೂ ಬಿಟ್ಟವು, ಹಣ್ಣು ಬಿಡಲಿಲ್ಲ. ಮುಂದೆ ಉತ್ತರ ಅಮೆರಿಕದ ವರ್ಜೀನಿಯಾ ತಳಿಯನ್ನು ಪಕ್ಕದಲ್ಲಿ ನೆಟ್ಟಾಗ ಎರಡೂ ಕೂಡಿ ಹುಟ್ಟಿದ್ದೇ ಇಂದು ಜಗತ್ತು ತಿನ್ನುವ ಸ್ಟ್ರಾಬೆರಿ. ಈಗಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿವೆ, ಆದರೂ ಜೇನು ಬಂದರೇನೇ ಹಣ್ಣು ದುಂಡಗಾಗುವುದು.

ತಾರಸಿಗೆ ಮುಜಂಟಿ, ಕೋಲುಜೇನು, ತುಡುವೆ ಬರುವಂತೆ ಎರಡು ಕುಂಡ ತುಳಸಿ, ಒಂದು ಸಾಸಿವೆ ಹಾಕಿ. ಐದನೇ ಮಹಡಿಗೆ ಜೇನು ಬರುವುದಿಲ್ಲವೆಂದರೆ ಮಕ್ಕಳ ಬಣ್ಣದ ಕುಂಚ ಸಾಕು. ಬೆಳಿಗ್ಗೆ ಹತ್ತರ ಸುಮಾರಿಗೆ, ಹೊರಗಿನ ಹಳದಿ ಕೇಸರಗಳನ್ನು ಸವರಿ, ನಡುವಿನ ಹಸಿರು ಗುಬ್ಬಿಯ ಸುತ್ತ ಒಂದು ಸುತ್ತು ತಿರುಗಿಸಿ.

ಹಕ್ಕಿ, ಅಳಿಲು, ಹುಳುಗಳ ಕಾಟಕ್ಕೆ ಏನು ಮಾಡುವುದು?

ಹಣ್ಣು ನಾಳೆ ಕೀಳೋಣ ಎಂದು ನೀವು ಅಂದುಕೊಂಡ ದಿನವೇ ಪಿಕಳಾರ ಬರುತ್ತದೆ. ಅಂದುಕೊಂಡದ್ದು ಅದಕ್ಕೆ ಹೇಗೆ ತಿಳಿಯುತ್ತದೋ! ಕೆಂಪು ಬಣ್ಣ ಬಳಿದ ಬೆಣಚುಕಲ್ಲು ಇಟ್ಟರೆ ಹಕ್ಕಿ ಕುಕ್ಕಿ ಕುಕ್ಕಿ ಬೇಸತ್ತು ಹೋಗುತ್ತದೆ ಎಂದು ಯಾರೋ ಹೇಳಿದರು, ಇಟ್ಟೆ. ಎರಡು ದಿನ ಮೋಸ ಹೋದವು, ಮೂರನೇ ದಿನ ಕಲ್ಲಿನ ಮೇಲೆ ಕುಳಿತೇ ಹಣ್ಣು ತಿಂದವು. ಬಲೆಯೊಂದೇ ದಾರಿ, ಅಥವಾ ಬಣ್ಣ ತಿರುಗಿದ ಹಣ್ಣಿಗೆ ಆರ್ಗಂಡಿ ಬಟ್ಟೆಯ ಸಣ್ಣ ಚೀಲ. ಅಳಿಲಿಗೆ ಚೀಲವೂ ಲೆಕ್ಕವಿಲ್ಲ.

ಕಣ್ಣಿಗೆ ಕಾಣದ ಶತ್ರು ಕೆಂಪು ನುಸಿ. ಜನವರಿ ಕಳೆದು ಗಾಳಿ ಒಣಗಿದಾಗ ಎಲೆಯ ಅಡಿಯಲ್ಲಿ ಸೇರುತ್ತದೆ. ಎಲೆಯ ಮೇಲೆ ಹಳದಿ ಚುಕ್ಕಿ, ಅಡಿಯಲ್ಲಿ ತೆಳು ಬಲೆ ಕಂಡರೆ ನೀರಿನ ಧಾರೆಯನ್ನು ಎಲೆಯಡಿಗೆ ಹಾಯಿಸಿ ತೊಳೆಯಿರಿ. ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರದ ಮೇಲೆ ಮತ್ತೊಮ್ಮೆ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು, ಬೇರೆ ಮಂತ್ರವಿಲ್ಲ. ಗೊಬ್ಬರದಲ್ಲಿ ಬರುವ ಬಿಳಿ ಗೊಣ್ಣೆಹುಳುವನ್ನು ಮಣ್ಣು ಬೆರೆಸುವಾಗಲೇ ಹುಡುಕಿ ತೆಗೆಯಿರಿ, ಬೇರನ್ನೇ ಮೇಯುತ್ತದೆ. ಬೂದು ಬೂಷ್ಟು ಹಿಡಿದ ಹಣ್ಣನ್ನು ಕಂಡ ಕೂಡಲೇ ಕಿತ್ತು ದೂರ ಎಸೆಯಿರಿ.

ಹಣ್ಣು ಹುಳಿ. ಅಂಗಡಿಯದಕ್ಕಿಂತ ಹುಳಿ.

ಬೇಗ ಕಿತ್ತಿದ್ದೀರಿ. ಮಾವು, ಬಾಳೆಗಳಂತೆ ಇದು ಮನೆಯೊಳಗೆ ಹಣ್ಣಾಗುವುದಿಲ್ಲ. ಕಿತ್ತ ಮೇಲೆ ಬಣ್ಣ ಏರಬಹುದು, ಸಿಹಿ ಏರದು. ತೊಟ್ಟಿನ ಕೆಳಗಿನ ಭುಜದಲ್ಲಿ ಬಿಳುಪು ಉಳಿದಿರುವ ತನಕ ಮುಟ್ಟಬೇಡಿ. ಭುಜವೂ ಕೆಂಪಾದ ಮೇಲೆ ಇನ್ನೊಂದು ದಿನ ಬಿಟ್ಟು, ಬೆಳಿಗ್ಗೆ ತಂಪಿನಲ್ಲಿ, ತೊಟ್ಟಿನ ಸಮೇತ ಕತ್ತರಿಸಿ. ಮಾರ್ಚ್‌ನ ಹಣ್ಣು ಏನು ಮಾಡಿದರೂ ಹುಳಿಯೇ. ಸೆಕೆಗೆ ಅವಸರದಲ್ಲಿ ಕೆಂಪಾಗಿ, ಚಿಕ್ಕದಾಗಿ, ಮೆತ್ತಗಾಗಿ ಬರುತ್ತದೆ. ಅದನ್ನು ಸಕ್ಕರೆ ಹಾಕಿ ಗೊಜ್ಜು ಕುದಿಸಿ, ದೋಸೆಗೆ ಚೆನ್ನಾಗಿರುತ್ತದೆ.

ಒಂದು ಗಿಡಕ್ಕೆ ಎಷ್ಟು ಹಣ್ಣು? ಖರ್ಚು ಗಿಟ್ಟುತ್ತದೆಯೇ?

ನನ್ನ ತಾರಸಿಯಲ್ಲಿ ಗಿಡಕ್ಕೆ ಇನ್ನೂರು ಗ್ರಾಂ ಬಂದರೆ ಒಳ್ಳೆಯ ವರ್ಷ. ಖರ್ಚು ಗಿಟ್ಟುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ಗಿಡವನ್ನು ಕಿತ್ತು ಎಸೆಯಬೇಕೇ?

ಮಹಾಬಳೇಶ್ವರದ ರೈತರೇ ಪ್ರತಿವರ್ಷ ಹೊಸ ಸಸಿ ನೆಡುತ್ತಾರೆ. ಆದರೂ ಮನಸ್ಸು ಕೇಳದವರಿಗೆ ಒಂದು ದಾರಿಯಿದೆ, ನಾನೂ ಅದೇ ಹಾದಿಯವನು. ಏಪ್ರಿಲ್‌ನಲ್ಲಿ ಗಟ್ಟಿಮುಟ್ಟಾದ ಏಳೆಂಟು ಗಿಡಗಳನ್ನು ಆರಿಸಿ ಪೂರ್ವದ ಗೋಡೆಯ ನೆರಳಿಗೆ ತನ್ನಿ. ಹೂ, ಹಣ್ಣು, ಒಣಎಲೆ ತೆಗೆದುಬಿಡಿ. ಕುಂಡದ ಸುತ್ತ ಗೋಣಿತಾಟು ಸುತ್ತಿ ದಿನಕ್ಕೆರಡು ಬಾರಿ ಒದ್ದೆ ಮಾಡಿ. ಐಸ್ ತುಂಡು ಹಾಕುವವರಿದ್ದಾರೆ, ಬೇರಿಗೆ ಆಘಾತವಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಬೇಸಿಗೆ ದಾಟಿದ ಗಿಡವನ್ನು ಕೊಲ್ಲುವುದು ಮಳೆ. ಜೂನ್ ಬಂದ ಕೂಡಲೇ ಸಜ್ಜೆಯ ಕೆಳಗೆ, ಗಾಳಿಯಾಡುವಲ್ಲಿ ಇಡಿ. ಆಗ ಅದು ಸುತ್ತಲೂ ಬಳ್ಳಿ ಚಾಚತೊಡಗುತ್ತದೆ. ಈ ಸಲ ಕತ್ತರಿಸಬೇಡಿ. ಬಳ್ಳಿಯ ಗೆಣ್ಣಿನಲ್ಲಿ ಪುಟ್ಟ ಎಲೆಗಳು ಮೂಡಿದ ಜಾಗವನ್ನು ಮಣ್ಣು ತುಂಬಿದ ಕಾಗದದ ಲೋಟದ ಮೇಲೆ ಕೂರಿಸಿ, ತಲೆಪಿನ್ನು ಚುಚ್ಚಿ ಒತ್ತಿ ನಿಲ್ಲಿಸಿ. ನಾಲ್ಕು ವಾರಕ್ಕೆ ಮೆಲ್ಲಗೆ ಎಳೆದು ನೋಡಿ, ಬರಲು ಒಪ್ಪದಿದ್ದರೆ ಬೇರು ಬಿಟ್ಟಿದೆ. ತಾಯಿಯಿಂದ ಕತ್ತರಿಸಿ. ಒಂದೇ ಬಳ್ಳಿಯಲ್ಲಿ ಮಗಳು, ಮೊಮ್ಮಗಳು, ಮರಿಮಗಳು ಸಾಲಾಗಿ ಬರುತ್ತಾರೆ. ಮೊದಲ ಇಬ್ಬರನ್ನು ಇಟ್ಟುಕೊಳ್ಳಿ, ಮಿಕ್ಕವರು ಬಡಕಲು. ಪೀಳಿಗೆ ಕಳೆದಂತೆ ವೈರಸ್ ರೋಗ ಕೂಡಿಕೊಳ್ಳುವುದರಿಂದ ಅರ್ಧದಷ್ಟಾದರೂ ಹೊಸ ಸಸಿ ಕೊಳ್ಳುವುದು ನನ್ನ ರೂಢಿ.

ಊಟಿಯ ದಾರಿಯಂಚಿನಲ್ಲಿ ಕಾಡು ಸ್ಟ್ರಾಬೆರಿ ನೋಡಿದೆ. ತಂದು ಬೆಳೆಸಲೇ?

ಹೂವಿನ ಬಣ್ಣ ಯಾವುದಿತ್ತು? ಹಳದಿಯಾಗಿದ್ದರೆ ಅದು ಸ್ಟ್ರಾಬೆರಿಯ ವೇಷದ ಬೇರೊಂದು ಗಿಡ. ಹಣ್ಣು ಕೆಂಪಗೆ ಮುದ್ದಾಗಿರುತ್ತದೆ, ಬಾಯಿಗಿಟ್ಟರೆ ನೀರು ಕುಡಿದಂತೆ. ಬಿಳಿ ಹೂವಿನದಾದರೆ ನೀಲಗಿರಿಯದೇ ಹೆಸರು ಹೊತ್ತ ನಿಜವಾದ ಕಾಡು ಸ್ಟ್ರಾಬೆರಿ ಇದ್ದೀತು. ಅದನ್ನು ಅಲ್ಲೇ ಬಿಟ್ಟುಬನ್ನಿ. ನಮ್ಮ ತಾರಸಿಯ ಮಾರ್ಚ್ ತಿಂಗಳನ್ನು ಅದು ಕಂಡಿಲ್ಲ.